ಒಂದು ಗಂಟೆಯ ದಾರಿ

ನಿಮ್ಮ ತವರು ಎಷ್ಟು ದೂರ? ನನ್ನಲ್ಲಿ ಯಾರಾದರೂ ಕೇಳಿದರೆ "ಒಂದೇ ಗಂಟೆ" ಎನ್ನುತ್ತಿದ್ದೆ. ನಾನಿರುವುದು ಬೆಂಗಳೂರಿನಲ್ಲಿ. ಉಮ್ಮ ಇರುವುದು ಮಂಗಳೂರಿನ ಸಮೀಪದ ಪಾಣೆಮಂಗಳೂರಿನಲ್ಲಿ.

ಮದುವೆಯಾದ ಹೊಸತರಲ್ಲಿ ರಾತ್ರಿ ಬಸ್ಸೇ ಗತಿ. ಮಂಗಳೂರಿಗೆ ಸುಮಾರು 350 ಕಿ.ಮೀ. ರಸ್ತೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ಆದರೂ ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆ. ಹೋದರೆ ವಾರವಾದರೂ ಉಮ್ಮನ ಜೊತೆ ಇರುತ್ತಿದ್ದೆ.

ಆಮೇಲೆ ಕೈಯಲ್ಲಿ ನಾಲ್ಕು ಕಾಸು ಸೇರಿ ವಿಮಾನದಲ್ಲಿ ಹೋಗುವಂತಾಯಿತು. ದೇವನಹಳ್ಳಿಯಿಂದ ಬಜ್ಪೆಗೆ ನೇರ ದೂರ ಸುಮಾರು 300 ಕಿ.ಮೀ. ಟಿಕೆಟಿನಲ್ಲಿ ಒಂದು ಗಂಟೆ ಚಿಲ್ಲರೆ. ಬೇಕೆಂದಾಗ ಹೋಗಬಹುದಲ್ಲ ಎಂಬ ಧೈರ್ಯ ಬಂತು. ಆ ಧೈರ್ಯದಲ್ಲೇ ಒಂದು ಈದ್ ಕಳೆಯಿತು, ಮಕ್ಕಳ ಪರೀಕ್ಷೆ ಬಂತು, ಇನ್ನೊಂದು ಈದೂ ಕಳೆಯಿತು.

ಜುಲೈ ತಿಂಗಳ ಒಂದು ರಾತ್ರಿ ತಮ್ಮನ ಫೋನ್ ಬಂತು. "ಉಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಬೇಗ ಬಾ."

ಆ ಒಂದು ಗಂಟೆಯ ನಿಜವಾದ ಲೆಕ್ಕ ನನಗೆ ತಿಳಿದದ್ದು ಮರುದಿನ. ಫಜ್ರ್ ನಮಾಝ್ ಮುಗಿಸಿ ಹೊರಟೆ. ಜಯನಗರದ ನಮ್ಮ ಮನೆಯಿಂದ ವಿಮಾನ ನಿಲ್ದಾಣಕ್ಕೇ ಸುಮಾರು 40 ಕಿ.ಮೀ. ಹಾರುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುವುದರಿಂದ ಅದಕ್ಕೂ ಮುಂಚೆ ಹೋಗಿ ಕಾಯಬೇಕು. ಆಕಾಶದಲ್ಲಿ ಹಾರಿದ್ದು ಮುಕ್ಕಾಲು ಗಂಟೆಯಷ್ಟೇ. ಆದರೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮಳೆಮೋಡದಲ್ಲಿ ಕಾಣುತ್ತಿರಲಿಲ್ಲ. ವಿಮಾನ ಮೇಲೆಯೇ ಸುತ್ತತೊಡಗಿತು. ಕೆಳಗೆ ಉಮ್ಮ, ಮೇಲೆ ನಾನು. ತಸ್ಬೀಹ್ ಹಿಡಿದ ಕೈ ನಡುಗುತ್ತಿತ್ತು. ಕೊನೆಗೂ ಇಳಿದು, ಟ್ಯಾಕ್ಸಿ ಹಿಡಿದು ಆಸ್ಪತ್ರೆಯ ಮೆಟ್ಟಿಲೇರುವಾಗ ಝುಹರ್‌ನ ಬಾಂಗ್ ಕೇಳಿಸಿತು.

ಉಮ್ಮನಿಗೆ ಎಚ್ಚರವಿತ್ತು. ನನ್ನ ಕೈ ಹಿಡಿದು ನಿಧಾನವಾಗಿ ಕೇಳಿದರು: "ಒಂದು ಗಂಟೆಯ ದಾರಿ ಎನ್ನುತ್ತಿದ್ದೆಯಲ್ಲ ಮಗಳೇ, ಬರಲು ಎರಡು ವರ್ಷ ಹಿಡಿಯಿತಲ್ಲ!"

ನಾನು ಉತ್ತರಿಸಲಿಲ್ಲ. ನಮಾಝ್‌ಗೆಂದು ವುಝೂ ಮಾಡುವಾಗ ಕಣ್ಣೀರೂ ನೀರೂ ಒಂದಾಗಿ ಹರಿಯಿತು. ಸುಮಾರು 80 ಕಿ.ಮೀ. ಮೀರಿದ ಪ್ರಯಾಣದಲ್ಲಿ ನಾಲ್ಕು ರಕಅತ್‌ನ ಫರ್ಝ್ ನಮಾಝನ್ನು ಎರಡಾಗಿ ನಿರ್ವಹಿಸಬಹುದೆಂದು ಉಲಮಾಗಳು ಹೇಳುತ್ತಾರೆ. ಹಾರಿದ್ದು ಮುಕ್ಕಾಲು ಗಂಟೆಯಾದರೂ ಆ ರಿಯಾಯಿತಿ ನನಗಿತ್ತು. ಆದರೆ ತಾಯಿಯ ಹಕ್ಕಿನಲ್ಲಿ ದೂರದ ಮಗಳಿಗೆ ರಿಯಾಯಿತಿ ಇದೆಯೆಂದು ನಾನೆಲ್ಲೂ ಕೇಳಿಲ್ಲ.

ಅಲ್‌ಹಮ್ದುಲಿಲ್ಲಾಹ್, ಉಮ್ಮ ಗುಣಮುಖರಾದರು. ಈಗ ಶಾಲೆಯ ರಜೆಯ ಪಟ್ಟಿ ಕೈಗೆ ಬಂದ ದಿನವೇ ಊರಿಗೆ ಟಿಕೆಟ್ ಮಾಡಿಸುತ್ತೇನೆ. ವಿಮಾನದ ದರ ಏರಿದ್ದರೆ ರಾತ್ರಿ ಬಸ್ಸು. ಮೊನ್ನೆಯೂ ಬಸ್ಸಿನಲ್ಲೇ ಹೋದೆ. ಬೆಳಗಿನ ಜಾವ ಬಿ.ಸಿ.ರೋಡಿನಲ್ಲಿ ಇಳಿದು ಮನೆ ತಲುಪಿದಾಗ ಉಮ್ಮ ಜಗಲಿಯಲ್ಲಿ ದೀಪ ಹಾಕಿ ಕುಳಿತಿದ್ದರು.

ಸಹೋದರಿಯರೇ, ತವರಿನ ದೂರವನ್ನು ಟಿಕೆಟಿನಲ್ಲಿ ನೋಡಬೇಡಿ. ಕೊನೆಯ ಸಲ ಹೋಗಿ ಎಷ್ಟು ತಿಂಗಳಾಯಿತೆಂದು ಇವತ್ತೇ ಎಣಿಸಿ ನೋಡಿ.