ಹೊಸ ಮೋಟ್ರು, ಹಳೇ ಟ್ರ್ಯಾಕ್ಟರು

ಕಾರು ತಗೋಬೇಕು ಅಂತ ಆಫೀಸಿನಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಊಟದ ಟೇಬಲ್ಲಿನಲ್ಲಿದ್ದ ಆರು ಜನಾನೂ ಆರು ಸಲಹೆ ಕೊಟ್ಟರು. ಹೊಸದೇ ತಗೋ ಅಂದ ಒಬ್ಬ. ಶೋರೂಮಿನಿಂದ ಆಚೆ ಬಂದ ತಕ್ಷಣ ಲಕ್ಷ ರೂಪಾಯಿ ಹೋಯ್ತು ಅನ್ಕೋ, ಹಳೇದೇ ತಗೋ ಅಂದ ಇನ್ನೊಬ್ಬ. ಮೂರನೆಯವನು ಎಕ್ಸೆಲ್ ಶೀಟೇ ಕಳಿಸಿಬಿಟ್ಟ. ಸವಕಳಿ, ಬಡ್ಡಿ, ಇನ್ಶೂರೆನ್ಸು, ಎಲ್ಲ ಅದರಲ್ಲಿತ್ತು. ನೋಡಿ ನಗು ಬಂತು. ಅಂಥದ್ದೇ ಒಂದು ಶೀಟು 2019ರಲ್ಲಿ ನಾನೂ ಮಾಡಿದ್ದೆ. ಅದರ ಕಥೆ ಹೇಳ್ತೀನಿ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕು. ಸ್ವಲ್ಪ ಮಾವು, ಮೂರು ಎಕರೆ ಬೋರ್‌ವೆಲ್ ಜಮೀನು, ಎರಡು ಸೀಮೆ ಹಸು. ನಾನು ಬಿಇ ಓದಿದ್ದು ಡೇರಿ ದುಡ್ಡಲ್ಲಿ, ಅರ್ಧ ಸಾಲದಲ್ಲಿ. ಮನೆಯಲ್ಲಿ ಹೊಸದು ಅಂತ ಬಂದ ಸಾಮಾನು ಬೆರಳೆಣಿಕೆ. ದನದ ಕೊಟ್ಟಿಗೆಗೆ ಹಾಕಿದ ಹೆಂಚು ಕೂಡ ಮಾಲೂರಿನ ಹತ್ತಿರ ಕೆಡವಿದ ಒಂದು ಹಳೇ ಮನೇದು. ಅಪ್ಪ ಒಂದೊಂದು ಹೆಂಚನ್ನೂ ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಬಿರುಕು ಬಿಟ್ಟಿದ್ದನ್ನ ಪಕ್ಕಕ್ಕಿಟ್ಟು, ಉಳಿದಿದ್ದನ್ನ ಟೆಂಪೋಗೆ ಹಾಕಿಸಿದ್ದ. ಹದಿನೈದು ವರ್ಷ ಆಯ್ತು, ಇನ್ನೂ ಸೋರಿಲ್ಲ.

ಹಸು ವಿಷಯದಲ್ಲಂತೂ ಹೊಸದು ಅನ್ನೋ ಮಾತೇ ಇಲ್ಲ. ಮೊದಲನೇ ಸೂಲಿನ ಕಡಸು ನೋಡೋಕೆ ಎಷ್ಟೇ ಚೆನ್ನಾಗಿರಲಿ, ಅಮ್ಮ ತಿರುಗಿಯೂ ನೋಡಲ್ಲ. ಎರಡನೇ ಸೂಲೇ ಬೇಕು. ಹಿಂದಿನ ಸಾರಿ ಎಷ್ಟು ಲೀಟರು ಹಾಕಿತ್ತು ಅಂತ ಆ ಊರಿನ ಡೇರಿಯಲ್ಲೇ ವಿಚಾರಿಸಬೇಕು, ಸಂಜೆ ಒಂದು ಸಲ ಬೆಳಗ್ಗೆ ಒಂದು ಸಲ ತಾನೇ ಕೂತು ಕರೆದು ನೋಡಬೇಕು, ಆಮೇಲೆ ರೇಟಿನ ಮಾತು.

ನಂದೂ ಅದೇ ದಾರಿ. ಮೊದಲ ಕೆಲಸ ಸಿಕ್ಕಾಗ 2012ರಲ್ಲಿ ಮಾಲೂರಿನವರೊಬ್ಬರ ಹತ್ತಿರ 22,000ಕ್ಕೆ ಒಂದು ಹೀರೋ ಹೋಂಡಾ ತಗೊಂಡೆ. ಕೆಎ-07 ನಂಬರು. ನಾಲ್ಕು ವರ್ಷ ಓಡಿಸಿ 15,000ಕ್ಕೆ ಮಾರಿದೆ. ಪೆಟ್ರೋಲು, ಸರ್ವೀಸು ಬಿಟ್ಟರೆ ನಾಲ್ಕು ವರ್ಷಕ್ಕೆ ಖರ್ಚು 7,000. ಈ ಲೆಕ್ಕ ತಲೆಗೆ ಏರಿಬಿಡ್ತು. ಲ್ಯಾಪ್‌ಟಾಪು, ಫೋನು, ಫ್ರಿಜ್ಜು, ಎಲ್ಲದರಲ್ಲೂ ನಂದೊಂದೇ ಮಾತು. ಹೊಸದು ತಗೊಳ್ಳೋರು ದಡ್ಡರು.

2019ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ಲಿನ ಮೋಟ್ರು ಕೈ ಕೊಡ್ತು. 1,100 ಅಡಿಗೆ ಬಿಟ್ಟಿದ್ದ ಮೋಟ್ರು. ಕೋಲಾರದ ಕಡೆಯವರಿಗೆ ಈ ಆಳ ವಿಶೇಷ ಏನಲ್ಲ, ಬೇರೆ ಜಿಲ್ಲೆಯವರಿಗಾಗಿ ಹೇಳ್ತೀನಿ. 20 ಅಡಿಯ ಪೈಪು ಒಂದಕ್ಕೊಂದು ಸೇರಿಸಿ 55 ಪೈಪು. ಮೋಟ್ರು ಮೇಲೆತ್ತಬೇಕು ಅಂದ್ರೆ ಗಾಡಿ ಕರೆಸಿ ಈ 55 ಪೈಪೂ ಒಂದೊಂದಾಗಿ ಬಿಚ್ಚಬೇಕು, ಮತ್ತೆ ಇಳಿಸುವಾಗ ಒಂದೊಂದಾಗಿ ಸೇರಿಸಬೇಕು. ಎತ್ತಿ ಇಳಿಸೋಕೆ ಆಗ ನಮ್ಮ ಕಡೆ 14,000 ಆಗ್ತಿತ್ತು.

ಹೊಸ ಮೋಟ್ರು, ಪಂಪು ಸೇರಿ 78,000 ಅಂದರು. ಪಕ್ಕದ ಊರಲ್ಲಿ ಬೋರು ಬತ್ತಿಹೋಗಿ ಮೇಲೆತ್ತಿಟ್ಟಿದ್ದ ಮೋಟ್ರು ಒಂದಿತ್ತು, ಎರಡು ವರ್ಷ ಓಡಿದ್ದು, 36,000. ನಮ್ಮ ಜಿಲ್ಲೆಯಲ್ಲಿ ಹಳೇ ಮೋಟ್ರು, ಹಳೇ ಪೈಪು, ಹಳೇ ಡ್ರಿಪ್ಪಿಗೆ ಯಾವತ್ತೂ ಬರ ಇಲ್ಲ. ನೀರಿಗೆ ಬರ ಬಂದಷ್ಟೂ ಇವು ಜಾಸ್ತಿ ಸಿಗ್ತವೆ. ಅಪ್ಪನಿಗೆ ಹೊಸದು ತರೋ ಮನಸ್ಸಿತ್ತು. ನಾನು ಬೆಂಗಳೂರಿಂದ ಫೋನಲ್ಲೇ ಲೆಕ್ಕ ಹೇಳಿದೆ. ಹೊಸ ಮೋಟ್ರಿನ ಆಯಸ್ಸು ಇಷ್ಟು, ಹಳೇದರ ಉಳಿದ ಆಯಸ್ಸು ಇಷ್ಟು, ವರ್ಷಕ್ಕೆ ಬೀಳೋ ಖರ್ಚು ಇಷ್ಟು, 42,000 ಉಳಿಯುತ್ತೆ.

"ನಿಂಗೆ ಗೊತ್ತಿರುತ್ತೆ ಬಿಡಪ್ಪಾ" ಅಂದ ಅಪ್ಪ. ಓದಿದ ಮಗನ ಮೇಲೆ ಅಷ್ಟು ನಂಬಿಕೆ.

ನಾಲ್ಕು ತಿಂಗಳಿಗೆ ವೈಂಡಿಂಗ್ ಸುಟ್ಟೋಯ್ತು. ಎತ್ತಿ ಇಳಿಸೋಕೆ 14,000, ರೀವೈಂಡಿಂಗಿಗೆ 15,000. ಸರಿ, ಇನ್ನು ಮೂರು ವರ್ಷ ನೋಡೋದೇ ಬೇಡ ಅಂದ ಅಂಗಡಿಯವನು. ನಲವತ್ತು ದಿನಕ್ಕೆ ಮತ್ತೆ ನಿಂತಿತು. ಮತ್ತೆ 14,000. ಆ ಸಲ ಅಪ್ಪ ನನಗೆ ಫೋನ್ ಮಾಡದೆ ನೇರ ಹೋಗಿ ಹೊಸದು ತಂದ. ಹಳೇ ಮೋಟ್ರಿಗೆ ಸುರಿದ 36,000, 29,000 ಮತ್ತು 14,000 ಕೂಡಿದರೆ 79,000. ಹೊಸದಕ್ಕಿಂತ ಸಾವಿರ ರೂಪಾಯಿ ಜಾಸ್ತಿ ಕಳೆದು, ಕೊನೆಗೆ ಹೊಸದನ್ನೂ ತಂದ್ವಿ.

ಇದು ಮೋಟ್ರಿನ ಲೆಕ್ಕ ಮಾತ್ರ. ಎರಡನೇ ಸಲ ನಿಂತಾಗ ಟೊಮ್ಯಾಟೊ ಹೂವಿನಲ್ಲಿತ್ತು. ಎತ್ತೋ ಗಾಡಿ ಸಿಗೋದು ತಡವಾಗಿ ಹನ್ನೊಂದು ದಿನ ನೀರಿಲ್ಲ. ಐದು ದಿನ ಟ್ಯಾಂಕರ್ ಹೊಡೆಸಿದರು, ಆಮೇಲೆ ಕೈ ಬಿಟ್ಟರು. ನಾನು ಶನಿವಾರ ಊರಿಗೆ ಹೋದಾಗ ಅಪ್ಪ ತೋಟದಲ್ಲಿ ಕಡ್ಡಿ, ದಾರ ಬಿಚ್ಚುತ್ತಾ ಇದ್ದ. ಮುಂದಿನ ಬೆಳೆಗೆ ಬೇಕಲ್ಲ, ಕಡ್ಡಿ ಹಾಳಾಗಬಾರದು. ನನ್ನನ್ನ ನೋಡಿ "ಊಟ ಆಯ್ತಾ?" ಅಂದ. ಮೋಟ್ರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವತ್ತಿನವರೆಗೂ ಬೈದಿಲ್ಲ.

ನನ್ನ ಶೀಟಿನಲ್ಲಿ ಮೋಟ್ರಿನ ಬೆಲೆ ಇತ್ತು, ಅದು ಎಲ್ಲಿ ಕೂತಿರುತ್ತೆ ಅನ್ನೋದು ಇರಲಿಲ್ಲ. ಬೈಕು ಕೆಟ್ಟರೆ ತಳ್ಳಿಕೊಂಡು ಹೋಗಬಹುದು, ಇನ್ನೂರು ರೂಪಾಯಿಗೆ ಮೆಕ್ಯಾನಿಕ್ ಸಿಗ್ತಾನೆ. ಮೋಟ್ರು ಕೆಟ್ಟರೆ ರಿಪೇರಿಗೆ ಮುಂಚೆನೇ 55 ಪೈಪು ಬಿಚ್ಚಬೇಕು, ಅಷ್ಟರಲ್ಲಿ ಬೆಳೆ ಒಣಗುತ್ತೆ. ವಸ್ತು ಹಳೇದೋ ಹೊಸದೋ ಅನ್ನೋದಕ್ಕಿಂತ ಅದು ಕೆಟ್ಟ ದಿನ ನಮ್ಮಿಂದ ಎಷ್ಟು ಕಿತ್ಕೊಳ್ಳುತ್ತೆ ಅನ್ನೋದು ದೊಡ್ಡ ಸಂಖ್ಯೆ. ಅದನ್ನ ಹಾಕೋಕೆ ನನ್ನ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ.

ಹಳೇದು ಅಂದಾಗ ಇನ್ನೊಂದು ನೆನಪಾಗುತ್ತೆ. ಈಗ ನಮ್ಮ ಜಿಲ್ಲೆಯ ಕೆರೆಗಳಲ್ಲಿ ನಿಂತಿರೋ ನೀರೇ ಸೆಕೆಂಡ್ ಹ್ಯಾಂಡು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಜಾತ್ರೆ ಥರ ನೋಡೋಕೆ ಹೋಗಿದ್ದರು. ಬೆಂಗಳೂರು ಬಳಸಿ ಬಿಟ್ಟಿದ್ದನ್ನ ಎರಡು ಹಂತ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರು ಕಳಿಸೋ ಯೋಜನೆ ಅದು. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಹೋರಾಟ ನಡೀತಾನೇ ಇದೆ, ಅದು ನ್ಯಾಯವಾದ ಮಾತೇ. ನಾನಿರೋದು ಬೆಳ್ಳಂದೂರು ಕಡೆ. ನಾನು ಸ್ನಾನ ಮಾಡಿದ ನೀರು ನನಗಿಂತ ಮುಂಚೆ ಊರ ಕಡೆ ಹೋಗಿರುತ್ತೆ ಅಂತ ಅಮ್ಮನಿಗೆ ಹೇಳಿದ್ದೆ. "ಥೂ, ಸುಮ್ನಿರೋ" ಅಂದಿದ್ದಳು.

ಇರಲಿ. 2023ಕ್ಕೆ ಬರ್ತೀನಿ. ಆ ವರ್ಷ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಟಿವಿಯವರು ಬಂದು ಬಂದು ಹೋಗ್ತಿದ್ದರು. ಎಲೆ ಮುದುರು ರೋಗದಲ್ಲಿ ನಮ್ಮ ತೋಟ ಅರ್ಧ ಹೋಗಿತ್ತು. ಉಳಿದ ಅರ್ಧಕ್ಕೇ ಖರ್ಚೆಲ್ಲ ಕಳೆದು ನಾಲ್ಕು ಲಕ್ಷ ಕೈಗೆ ಬಂತು. ಅಪ್ಪ ಅಷ್ಟು ದುಡ್ಡನ್ನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಟ್ರ್ಯಾಕ್ಟರ್ ತಗೋಬೇಕು ಅಂದ. ನಾನು ಬಾಡಿಗೆ ಲೆಕ್ಕ ಹೇಳಿದೆ. ನಮ್ಮ ಮೂರು ಎಕರೆಗೆ ವರ್ಷಕ್ಕೆ ಅರವತ್ತು ಗಂಟೆ ಕೆಲಸ ಇದ್ದರೆ ಹೆಚ್ಚು, ಗಂಟೆಗೆ ಸಾವಿರ ಕೊಟ್ಟರೆ ಬರ್ತಾರೆ, ಹೋಬಳಿಯಲ್ಲಿ ಕೃಷಿ ಯಂತ್ರಧಾರೆ ಕೇಂದ್ರವೂ ಇದೆ. "ಮಳೆ ಬಂದ ಮೂರನೇ ದಿನ ಹದ ಇರುತ್ತೆ. ಆವತ್ತು ಊರಿಗೆಲ್ಲ ಟ್ರ್ಯಾಕ್ಟರ್ ಬೇಕು. ನಂಗೆ ಏಳನೇ ದಿನ ಬರ್ತಾನೆ" ಅಂದ. ಅದಕ್ಕೆ ಉತ್ತರ ಇರಲಿಲ್ಲ.

ಸರಿ, ತಗೊಳ್ಳೋದೇ ಆದರೆ ಹೊಸದೇ ತಗೋ ಅಂದೆ. ಮೋಟ್ರಿನ ಪೆಟ್ಟು ಮರೆತಿರಲಿಲ್ಲವಲ್ಲ. ಆಗ 7.6 ಲಕ್ಷ. ನಾಲ್ಕು ಲಕ್ಷ ಕಟ್ಟಿ ಉಳಿದಿದ್ದಕ್ಕೆ ಸಾಲ, ಆರು ತಿಂಗಳಿಗೊಂದು ಕಂತು, ಕಷ್ಟ ಬಂದರೆ ನಾನಿದ್ದೀನಿ, ವಾರಂಟಿ ಇರುತ್ತೆ ಅಂತೆಲ್ಲ ಹೇಳಿದೆ. ಅಪ್ಪ ಬೀಡಿ ಆರಿಸಿ ಹೇಳಿದ.

"ಮೋಟ್ರು ಭೂಮಿ ಒಳಗಿರುತ್ತೆ ಕಣಪ್ಪಾ, ಅದಕ್ಕೇನಾಗಿದೆ ಅಂತ ದೇವರಿಗೇ ಗೊತ್ತು. ಟ್ರ್ಯಾಕ್ಟರು ಕಣ್ಣೆದುರಿಗಿರುತ್ತೆ. ಹಳೇದೇ ಸಾಕು."

ಮುಳಬಾಗಿಲಿನ ಆಚೆ ಒಂದು ಹಳ್ಳಿಯಲ್ಲಿ 2014ರ ಗಾಡಿ ಇದೆ ಅಂತ ಬ್ರೋಕರ್ ಹೇಳಿದ. 3.6 ಲಕ್ಷ. ಇಬ್ಬರೂ ಹೋದ್ವಿ. ನಾವು ಹೋಗೋ ಹೊತ್ತಿಗೆ ಗಾಡಿ ತೊಳೆದು, ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರು. ಅಪ್ಪ ಬಾನೆಟ್ ಮೇಲೆ ಅಂಗೈ ಇಟ್ಟ. ಅಷ್ಟೇ. "ನಾಳೆ ಬೆಳಗ್ಗೆ ಬರ್ತೀವಿ, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂದು ವಾಪಸ್ ಹೊರಟ. ನನಗೆ ಬೇಜಾರಾಗಿ ಮುಳಬಾಗಿಲಿನಲ್ಲಿ ಎರಡು ದೋಸೆ ತಿಂದೆ.

ಮಾರನೇ ದಿನ ಆರೂವರೆಗೆಲ್ಲ ಅಲ್ಲಿದ್ವಿ. ಇಂಜಿನ್ ತಣ್ಣಗಿತ್ತು. ಮೂರನೇ ಸಲಕ್ಕೆ ಹತ್ತಿಕೊಳ್ತು, ಸ್ವಲ್ಪ ಕಪ್ಪು ಹೊಗೆ ಉಗುಳಿ ತಿಳಿಯಾಯ್ತು. ಕಪ್ಪು ಪರವಾಗಿಲ್ಲ, ನೀಲಿ ಬಂದರೆ ಆಯಿಲ್ ಕುಡೀತಿದೆ ಅಂತ ಅರ್ಥ ಅಂತ ನನಗೆ ಪಾಠ. ಕಲ್ಟಿವೇಟರ್ ಹಾಕಿಸಿ ಹೈಡ್ರಾಲಿಕ್ಕಿನಲ್ಲಿ ಎತ್ತಿಸಿ, ಹತ್ತು ನಿಮಿಷ ಮಾತಾಡುತ್ತಾ ನಿಂತ. ಕಲ್ಟಿವೇಟರ್ ಕೆಳಗಿಳೀಲಿಲ್ಲ. ಗಂಟೆ ತೋರಿಸೋ ಮೀಟರ್ ಓಡ್ತಿರಲಿಲ್ಲ, ಅದನ್ನ ಕೇಳಲೇ ಇಲ್ಲ. ಕ್ಲಚ್ ಪೆಡಲ್ಲಿನ ರಬ್ಬರ್ ಎಷ್ಟು ಸವೆದಿದೆ ಅಂತ ನೋಡಿದ. ಹಿಂದಿನ ಟಯರು ಇನ್ನೊಂದು ವರ್ಷ ಬರ್ತವೆ ಅಂತ ಅಲ್ಲಿಗೆ ಸ್ವಲ್ಪ ಇಳಿಸಿ, 3.35 ಲಕ್ಷಕ್ಕೆ ನಿಲ್ಲಿಸಿದ. ಕರೆಯೋಕೆ ಕೂತ ಅಮ್ಮನ ಥರಾನೇ ಕಂಡ.

ಯಾಕೆ ಮಾರ್ತಿದ್ದೀರಿ ಅಂತ ನಾನು ಕೇಳಬಾರದಿತ್ತು, ಕೇಳಿದೆ. ಎರಡು ಬೋರು ಕೊರೆಸಿ ಎರಡೂ ಫೇಲಾಗಿತ್ತು. ಮಗ ನರಸಾಪುರದ ಫ್ಯಾಕ್ಟರಿಗೆ ಹೋಗ್ತಾನೆ, ಇನ್ನು ಇದನ್ನ ಓಡಿಸೋರು ಯಾರು ಅಂದರು. ನಮಗೆ ಆ ಮೋಟ್ರು ಸಿಕ್ಕಿದ್ದೂ ಇಂಥದೇ ಮನೆಯಿಂದ. ಬಾನೆಟ್ ಮೇಲೆ ಆ ಮನೆಯ ಇಬ್ಬರು ಮಕ್ಕಳ ಹೆಸರು ಕೆಂಪು ಅಕ್ಷರದಲ್ಲಿ ಬರೆಸಿದ್ದರು. ಈಗಲೂ ಇದೆ, ಅಪ್ಪ ಅಳಿಸಿಲ್ಲ.

ಕಾಗದ ಪತ್ರದ ಕೆಲಸ ಮಾತ್ರ ನನ್ನದಾಗಿತ್ತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ಯಾವತ್ತೋ ತೀರಿದೆ, ಆದರೆ ಬ್ಯಾಂಕಿನಿಂದ ಎನ್‌ಒಸಿ ತಂದು ಫಾರಂ 35 ಕೊಟ್ಟು ಅದನ್ನ ತೆಗೆಸಿರಲಿಲ್ಲ. ಅದಾಗೋವರೆಗೂ ಪೂರ್ತಿ ದುಡ್ಡು ಕೊಡಬೇಡ ಅಂತ ಹಿಡಿದು ನಿಂತೆ. ಆಮೇಲೆ 29, 30 ಫಾರಂಗಳಿಗೆ ಸಹಿ. ಮೂರು ವಾರ ಹಿಡೀತು. ಅಷ್ಟರಲ್ಲಿ ಅಪ್ಪನಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಆದರೆ ನಾನು ಬಿಡಲಿಲ್ಲ. ಒಂದು ಕೆಲಸವಾದರೂ ಸರಿಯಾಗಿ ಮಾಡಬೇಕಿತ್ತು.

ಆ ಸೆಪ್ಟೆಂಬರ್ ಹೊತ್ತಿಗೆ ಟೊಮ್ಯಾಟೊ ಕೇಳೋರಿಲ್ಲ. ಮಳೆಯೂ ಕೈ ಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಹೊಸ ಟ್ರ್ಯಾಕ್ಟರಿನ ಮೊದಲ ಕಂತು ಬರ್ತಿದ್ದಿದ್ದೂ ಸರಿಯಾಗಿ ಆಗಲೇ. ಜುಲೈ ದುಡ್ಡಲ್ಲಿ ಹೊಸದು ತಂದ ನಮ್ಮ ಮಾವ ಒಬ್ಬರು ಕಂತಿಗೆ ಹಸು ಮಾರಿದರು. ನಾನು ಕಟ್ಟಬಹುದಿತ್ತು, ನಿಜ. ಆದರೆ ಮಗನ ಹತ್ತಿರ ಆರು ತಿಂಗಳಿಗೊಮ್ಮೆ ಕೈ ಒಡ್ಡೋದನ್ನೂ ಅಪ್ಪ ತನ್ನ ಲೆಕ್ಕದಲ್ಲಿ ಖರ್ಚು ಅಂತಲೇ ಹಿಡಿದಿದ್ದ ಅಂತ ನನಗೆ ಆಮೇಲೆ ಹೊಳೀತು. ಎರಡು ವರ್ಷದಲ್ಲಿ ಕ್ಲಚ್ ಪ್ಲೇಟು, ಬ್ಯಾಟರಿ, ಒಂದು ಟಯರು ಸೇರಿ ಹಳೇ ಗಾಡಿಗೆ 52,000 ಹಾಕಿದ್ದೀವಿ. ಅಕ್ಕಪಕ್ಕದ ಹೊಲ ಉತ್ತು ಅದಕ್ಕಿಂತ ಜಾಸ್ತಿ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ "ನೋಡ್ದಾ, ಆವತ್ತು ತಗೊಂಡಿದ್ರೆ?" ಅಂದ. ಅದು ಅವನಿಗೆ ಗೊತ್ತಿರಲಿಲ್ಲ, ಸುಮ್ಮನೆ ಜಂಬ.

ಈಗ ನನ್ನ ಕಾರು. ಸಣ್ಣ ಕಾರುಗಳ ಜಿಎಸ್‌ಟಿಯೂ ಅದೇ ದಿನ ಶೇ 28ರಿಂದ 18ಕ್ಕೆ ಬಂತು. ಹೊಸದರ ಬೆಲೆ ಇಳಿದ ಮೇಲೆ ಹಳೇ ಕಾರಿನವರೂ ಇಳಿಸಲೇಬೇಕಾಯ್ತು, ಹಾಗಾಗಿ ಮೊದಲಿನ ಅಂತರ ಈಗಿಲ್ಲ. ಆದರೂ ಐದರಿಂದ ಹತ್ತು ಲಕ್ಷದ ಹೊಸ ಕಾರಿಗೆ ಕರ್ನಾಟಕದಲ್ಲಿ ಶೇ 14 ಆಜೀವ ತೆರಿಗೆ ಇದೆ. ಹಳೇದರಲ್ಲಿ ಅದನ್ನ ಮೊದಲ ಓನರು ಕಟ್ಟಿಯಾಗಿರುತ್ತೆ. ನಾನು ಓಡಿಸೋದು ತಿಂಗಳಿಗೆ ಎರಡು ಸಲ ಊರಿಗೆ. ಕೆಟ್ಟು ನಿಂತರೆ ಹೊಸಕೋಟೆಯಿಂದ ಮುಂದಕ್ಕೆ ಬಸ್ಸುಗಳಿಗೇನೂ ಕೊರತೆ ಇಲ್ಲ. ಹೆಂಡತಿಗೆ ಮಾತ್ರ ಹೊಸದೇ ಇಷ್ಟ. ಮಗು ಇದೆ, ರಾತ್ರಿ ಹೊತ್ತು ಹೈವೇಲಿ ನಿಂತರೆ ಏನು ಗತಿ ಅಂತಾಳೆ. ಅವಳ ಕಾಲಮ್ಮೂ ಶೀಟಿನಲ್ಲಿ ಇರಬೇಕಾದ್ದೇ.

ಕೋಲಾರದಲ್ಲಿ ಒಂದು ನಾಲ್ಕು ವರ್ಷದ ಕಾರಿದೆಯಂತೆ, ಒಬ್ಬರೇ ಓನರು. ಭಾನುವಾರ ನೋಡೋಕೆ ಹೋಗ್ತಿದ್ದೀವಿ. ಹತ್ತು ಗಂಟೆಗೆ ಬನ್ನಿ ಅಂದಿದ್ದಾರೆ. ಅಪ್ಪ ನಾನೂ ಬರ್ತೀನಿ ಅಂದ. ಏಳಕ್ಕೇ ಹೋಗೋಣ, ಹೇಳದೆ ಹೋಗೋಣ ಅಂತಾನೂ ಅಂದ.