ದಾದಿಯ ಹಾಡು ಮತ್ತು ಎರಡು ಪುಟ್ಟ ಸ್ಪೀಕರ್

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ದಾದಿ ಎಂದರೆ ಆಸ್ಪತ್ರೆಯ ನರ್ಸ್ ಅಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಹೈಸ್ಕೂಲಿನಲ್ಲಿ ‘ನನ್ನ ದಾದಿ’ ಎಂದು ಪ್ರಬಂಧ ಬರೆದಾಗ ಕನ್ನಡ ಮೇಡಂ, “ನಿಮ್ಮ ಮನೇಲಿ ಯಾರಿಗೆ ಹುಷಾರಿಲ್ಲಮ್ಮ?” ಎಂದು ಕೇಳಿದ್ದರು.

ಗೋವಿನಕೋವಿಯ ನಮ್ಮ ಬೀದಿಯಲ್ಲಿ ಮದುವೆ ಇದ್ದರೆ ಹಿಂದೆಲ್ಲ ದಾದಿಯನ್ನು ಕರೆಯದೆ ಇರುತ್ತಿರಲಿಲ್ಲ. ಹಲ್ದಿ ರಾತ್ರಿ ಹೆಂಗಸರ ನಡುವೆ ಡೋಲಕ್ ಹಿಡಿದು ಕೂತರೆ ಒಂದರ ಹಿಂದೆ ಒಂದು ಹಾಡು. ಹೆಚ್ಚಿನವು ಬೀಗಿತ್ತಿಯನ್ನು ಗೇಲಿ ಮಾಡುವಂಥವು. ಅವು ಯಾವ ಪುಸ್ತಕದಲ್ಲೂ ನೋಡಿ ಕಲಿತವಲ್ಲ, ದಾದಿ ತನ್ನ ತಾಯಿಯಿಂದ ಕೇಳಿ ಕಲಿತವು. ಈಗ ಮದುವೆಗೆ ಡಿಜೆ ಬಾಕ್ಸ್ ಬರುತ್ತದೆ. ದಾದಿಗೆ ದಮ್ಮು. ನಾಲ್ಕು ಸಾಲು ಹಾಡಿದರೆ ಉಸಿರು ಸಿಗುವುದಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ದಾದಿ ಸ್ವಲ್ಪ ಚೆನ್ನಾಗಿದ್ದರು. ನಾಲ್ಕು ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರದು ಒಂದೇ ಷರತ್ತು: ಗಂಡಸರಿಗೆ ಕೇಳಿಸಬಾರದು. ಭಾಯಿಜಾನ್ ತಂದುಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ನಡುಮನೆಯ ಹೋಂ ಥಿಯೇಟರಿಗೆ ಜೋಡಿಸಿ ತಿದ್ದಲು ಕೂತೆ. ದಾದಿಯ ದನಿ ಗುಂಯ್ ಎನ್ನುತ್ತಿತ್ತು. ಬೇಸ್ ಕಡಿಮೆ ಮಾಡಿದೆ. ಇನ್ನೂ ಗುಂಯ್ ಎಂದಿತು, ಇನ್ನೂ ಕಡಿಮೆ ಮಾಡಿದೆ. ಫ್ಯಾನಿನ ಸದ್ದನ್ನೂ ಅಳಿಸಿದೆ. ಬಹಳ ಚೆನ್ನಾಗಿದೆ ಅನ್ನಿಸಿ ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಮೆಮೊರಿ ತುಂಬಿತ್ತೆಂದು ಫೋನಿನಲ್ಲಿದ್ದ ಮೂಲವನ್ನೂ ಅಳಿಸಿದೆ.

ಮನೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿದ ಮೇಲೆ ದಾವಣಗೆರೆಯಿಂದ ಫುಫು ಫೋನ್ ಮಾಡಿದರು. “ಅಮ್ಮಾಗೆ ನೆಗಡಿ ಆಗಿತ್ತಾ?” ನಾನೂ ಫೋನಿನಲ್ಲಿ ಹಾಕಿ ಕೇಳಿದೆ. ತಗಡಿನ ಮೇಲೆ ಉಗುರಿನಿಂದ ಗೀಚಿದ ಹಾಗಿತ್ತು ದನಿ. ದಾದಿಗೆ ಇಯರ್‌ಫೋನ್ ಹಾಕಿ ಕೇಳಿಸಿದರೆ ಎರಡು ಸಾಲು ಕೇಳಿ ತೆಗೆದುಬಿಟ್ಟರು. “ಯೇ ಮೈ ನೈ” ಅಂದರು. ಇದು ನಾನಲ್ಲ.

ಆ ರಾತ್ರಿ ನಾನು ಊಟ ಮಾಡಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ತಿಳಿಯಲು ಒಂದು ವಾರ ಹಿಡಿಯಿತು. ಹೋಂ ಥಿಯೇಟರ್ ಇರುವುದು ಹಾಡು ಕೇಳಿ ಖುಷಿಪಡಲು. ಅದರ ದೊಡ್ಡ ವೂಫರ್, ಇಲ್ಲದ ಬೇಸನ್ನೂ ಉಬ್ಬಿಸಿ ಕೊಡುತ್ತದೆ. ಗುಂಯ್ ಎನ್ನುತ್ತಿದ್ದದ್ದು ಡಬ್ಬ, ನಾನು ಕತ್ತರಿಸಿದ್ದು ದಾದಿಯ ಗಂಟಲು. ರೆಕಾರ್ಡಿಂಗ್ ಮಾಡುವವರು ಅದಕ್ಕೇ ಮಾನಿಟರ್ ಸ್ಪೀಕರ್ ಬಳಸುತ್ತಾರೆ. ಅದು ತಗ್ಗು ಸ್ವರ, ಏರು ಸ್ವರ ಯಾವುದನ್ನೂ ಹೆಚ್ಚು ಕಡಿಮೆ ಮಾಡದೆ, ಆದಷ್ಟೂ ಇದ್ದದ್ದನ್ನು ಇದ್ದ ಹಾಗೆ ಕೇಳಿಸುತ್ತದೆ. ಅಬ್ಬಾ ಅಡಿಕೆ ಮಂಡಿಯಲ್ಲಿ ತೂಕ ಬರೆಯುವವರು. ಇದನ್ನು ವಿವರಿಸಿದಾಗ, “ಅಂದ್ರೆ ಸರಿಯಾದ ತೂಕದ ಕಲ್ಲು ಅನ್ನು” ಎಂದರು. ನನ್ನ ಅರ್ಧ ಪುಟದ ವಿವರಣೆಗಿಂತ ಅದೇ ಚೆನ್ನಾಗಿದೆ.

ಇದರಲ್ಲಿ ಒಂದು ತಮಾಷೆಯ ಕಥೆಯೂ ಇದೆ. ಯಮಹಾ ಕಂಪನಿ 1978ರಲ್ಲಿ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಗಳಿಗೆಂದು ಮಾಡಿತು. ಕೇಳಲು ಇಂಪಾಗಿಲ್ಲ ಎಂದು ಜನ ಮೂಗು ಮುರಿದರು. ಆದರೆ ಸ್ಟುಡಿಯೊದವರು ಅದನ್ನೇ ಹುಡುಕಿಕೊಂಡು ಹೋದರು. ಹಾಡಿನ ಐಬು ಅದರಲ್ಲಿ ಎದ್ದು ಕಾಣುತ್ತಿತ್ತು. ಏರು ಸ್ವರ ಕಿವಿಗೆ ಚುಚ್ಚುತ್ತದೆಂದು ಕೆಲವರು ಅದರ ಟ್ವೀಟರಿಗೆ ಟಿಶ್ಯೂ ಕಾಗದ ಅಂಟಿಸಿಕೊಂಡೇ ಕೆಲಸ ಮಾಡಿದರಂತೆ!

ನನಗೆ ಬೇಕಾಗಿದ್ದು ಅಷ್ಟು ದೊಡ್ಡದಲ್ಲ. ಅಮ್ಮಿಯ ಜೊತೆ ಸೀರೆಗೆ ಫಾಲ್ ಹಾಕಿ ಕೂಡಿಟ್ಟ ದುಡ್ಡಿನ ಮೇಲೆ ಭಾಯಿಜಾನ್ ಸ್ವಲ್ಪ ಹಾಕಿದರು. 5 ಇಂಚಿನ ಯಮಹಾ ಎಚ್‌ಎಸ್5 ನಮ್ಮ ಕೈಗೆ ಎಟುಕಲಿಲ್ಲ. ಶಿವಮೊಗ್ಗದಲ್ಲಿ ಒಬ್ಬರು ಬಳಸಿದ್ದ ಪ್ರಿಸೋನಸ್ ಎರಿಸ್ 3.5 ಜೋಡಿ ಸಿಕ್ಕಿತು. ವೂಫರ್ 3.5 ಇಂಚು, ಟ್ವೀಟರ್ 1 ಇಂಚು. ಆಂಪ್ಲಿಫೈಯರ್ ಒಂದು ಡಬ್ಬದೊಳಗೇ ಇರುತ್ತದೆ, ಅಲ್ಲಿಂದ ಇನ್ನೊಂದಕ್ಕೆ ವೈರು. ಕಂಪನಿ ಹೇಳುವಂತೆ 80 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಡಿಜೆ ಹಾಡು ಮಾಡುವವರಿಗೆ ಇದು ಸಾಲದು, ಹೆಂಗಸಿನ ದನಿಗೆ ಧಾರಾಳ. ಅಬ್ಬಾ ಮಾತ್ರ, “ಕಾಮರ್ಸ್ ಓದ್ತೀಯಲ್ಲ, ಇದು ಆಸ್ತಿನೋ ಖರ್ಚೋ ಹೇಳು” ಎಂದು ಕಾಡಿಸಿದರು. ಆಸ್ತಿ ಎಂದೆ. ಸವಕಳಿ ಎಷ್ಟು ಪರ್ಸೆಂಟ್ ಎಂದು ಕೇಳಲಿಲ್ಲ, ಪುಣ್ಯ.

ಸ್ಪೀಕರ್ ತಂದರೆ ಮುಗಿಯಲಿಲ್ಲ, ಇಡುವುದೂ ಒಂದು ವಿದ್ಯೆ. ಎರಡು ಸ್ಪೀಕರ್ ಮತ್ತು ನಮ್ಮ ತಲೆ ಸೇರಿ ಸಮಬಾಹು ತ್ರಿಭುಜವಾಗಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ನಾನು ಹೊಲಿಗೆ ಮೆಷಿನ್ ಮೇಜಿನ ಮೇಲೆ ಹಳೆಯ ಅಕೌಂಟೆನ್ಸಿ ಗೈಡುಗಳನ್ನು ಪೇರಿಸಿ ಅದರ ಮೇಲೆ ಇಟ್ಟೆ. ಮೂಲೆಯಲ್ಲಿಟ್ಟರೆ ಮತ್ತೆ ಗುಂಯ್! ನಮ್ಮ ಕೋಣೆ ಹೆಚ್ಚು ಕಡಿಮೆ 3 ಮೀಟರ್ ಉದ್ದ, ಅಷ್ಟೇ ಅಗಲ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 57 ಬರುತ್ತದೆ. ಆ 57 ಹರ್ಟ್ಸ್, ಅದರ ದುಪ್ಪಟ್ಟು 114, ಈ ಸ್ವರಗಳು ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತವೆ. ಚೌಕದ ಕೋಣೆಯಾದ್ದರಿಂದ ಎರಡೂ ಕಡೆಯಿಂದ ಒಂದೇ ಸ್ವರ. ಆದ್ದರಿಂದ ಮೇಜನ್ನು ಮೂಲೆಯಿಂದ ಈಚೆಗೆ ಎಳೆದು, ಬದಿಯ ಗೋಡೆಗೆ ಕೌದಿ ನೇತುಹಾಕಿ, ಮೂಲೆಗೆ ಭತ್ತದ ಚೀಲ ಸೇರಿಸಿದೆ. ಗುಂಯ್ ಪೂರ್ತಿ ಹೋಗಲಿಲ್ಲ. ಆದರೆ ಯಾವುದು ಕೋಣೆಯ ಸದ್ದು, ಯಾವುದು ದಾದಿಯ ಸದ್ದು ಎಂದು ಗೊತ್ತಾಗತೊಡಗಿತು.

ಹಳೆಯ ಫೈಲುಗಳನ್ನು ಮೊದಲ ಸಲ ಅದರಲ್ಲಿ ಹಾಕಿದಾಗ ನಾಚಿಕೆಯಾಯಿತು. ಫ್ಯಾನಿನ ಸದ್ದಿನ ಜೊತೆ ಎಷ್ಟೋ ಪದಗಳ ಕೊನೆಯನ್ನೂ ನಾನು ಒರೆಸಿಹಾಕಿದ್ದೆ. ಅವು ಹೋದವು, ಯಾವ ಸ್ಪೀಕರೂ ವಾಪಸ್ ತರುವುದಿಲ್ಲ.

ಈ ಡಿಸೆಂಬರ್ ರಜೆಯಲ್ಲಿ ದಾದಿಯನ್ನು ಮತ್ತೆ ಕೂರಿಸಿದೆ. ಈಗ ಒಂದೊಂದು ಸಾಲಿಗೂ ಉಸಿರು ಎಳೆದುಕೊಳ್ಳುತ್ತಾರೆ. “ಈ ಏದುಸಿರನ್ನೆಲ್ಲ ತೆಗೆದುಬಿಡು ಬೇಟಾ, ಜನ ನಗ್ತಾರೆ” ಅಂದರು. ಒಂದು ಹಾಡಿನಲ್ಲಿ ತೆಗೆದು ನೋಡಿದೆ, ಮೂಲವನ್ನು ಬೇರೆ ಇಟ್ಟುಕೊಂಡೇ. ಕತ್ತರಿಸಿದ ಜಾಗವೆಲ್ಲ ಮಾನಿಟರಿನಲ್ಲಿ ಹಳ್ಳ ಬಿದ್ದಂತೆ ಕೇಳುತ್ತಿತ್ತು. ಫ್ಯಾನಿನ ಸದ್ದು ಫಕ್ಕನೆ ನಿಲ್ಲುವುದು, ಮುಂದಿನ ಸಾಲು ಯಾರೋ ದಬ್ಬಿದ ಹಾಗೆ ಬರುವುದು. ದಾದಿಗೆ ಎರಡನ್ನೂ ಕೇಳಿಸಿದೆ. ಕಿಟಕಿ ಮುಚ್ಚಿ, ಸಣ್ಣ ವಾಲ್ಯೂಮಿನಲ್ಲಿ. ಭದ್ರಾವತಿ ಆಕಾಶವಾಣಿ ಕೇಳುವಾಗ ಕೂರುತ್ತಿದ್ದ ಹಾಗೆ ಮೊಣಕಾಲು ಮಡಚಿ ಕೂತು ಕೇಳಿದರು. ಉಸಿರು ಇರುವ ಹಾಡು ಬಂದಾಗ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮುಗಿದ ಮೇಲೆ, “ಇರಲಿ ಬಿಡು” ಎಂದಷ್ಟೇ ಹೇಳಿದರು.

ನಡುಮನೆಯಲ್ಲಿ ಅಬ್ಬಾ ನೋಡುತ್ತಿದ್ದ ಟಿವಿಯ ಸದ್ದು ಯಾವಾಗಲೋ ನಿಂತಿತ್ತು. ದಾದಿ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸದ ಹಾಗೆ ಇದ್ದರು.

ಈಗ ಮೂರು ಹಾಡು ಆಗಿವೆ. ನಾಲ್ಕನೆಯದರಲ್ಲಿ ಎರಡು ನುಡಿ ಮಾತ್ರ ದಾದಿಗೆ ನೆನಪಿದೆ. ಉಳಿದದ್ದು ನ್ಯಾಮತಿಯಲ್ಲಿರುವ ಅವರ ತಂಗಿಗೆ ಗೊತ್ತಿರಬೇಕಂತೆ. ಭಾನುವಾರ ಬಸ್ಸಿನಲ್ಲಿ ಹೋಗುತ್ತಿದ್ದೇವೆ. ಸ್ಪೀಕರ್ ಮನೆಯಲ್ಲೇ ಇರುತ್ತದೆ, ಫೋನಿನ ಮೆಮೊರಿ ಖಾಲಿ ಮಾಡಿಟ್ಟಿದ್ದೇನೆ.