ಮೊದಲು ಕೇಳೋಣ

ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳಿಯೊಂದರ ದಂಪತಿಗಳು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವರ ಪುಟ್ಟ ಮಗ ತಂದೆಯ ಕಣ್ಣೆದುರೇ ಹೊಳೆಯ ಪಾಲಾಗಿದ್ದ. ಅಂದಿನಿಂದ ತಂದೆ ಮಾತು ಬಿಟ್ಟು ಕುಡಿತಕ್ಕೆ ಬಿದ್ದಿದ್ದ. ತಾಯಿಯದು ಒಂದೇ ದೂರು: "ಮಗಾ ಹೋಗಿ ವರ್ಷಾತ್ರಿ ಫಾದರ್, ಈ ಮನಷ್ಯಾ ಒಂದಿನಾನೂ ಅತ್ತಿಲ್ರಿ."

ನಾನು ಮಾಡಿದ್ದೇನು? ಆತನಿಗೆ ಕುಡಿತ ಬಿಡಲು ಬುದ್ಧಿ ಹೇಳಿದೆ. ಆಕೆಗೆ ತಾಳ್ಮೆಯನ್ನು ಬೋಧಿಸಿದೆ. ಎಲ್ಲವನ್ನೂ ದೇವರ ಚಿತ್ತವೆಂದು ಸ್ವೀಕರಿಸಿರೆಂದು ಹೇಳಿ, ಪ್ರಾರ್ಥಿಸಿ ಕಳುಹಿಸಿದೆ. ಆದರೆ ಆತನ ಮನಸ್ಸಿನಲ್ಲಿ ಏನಿದೆಯೆಂದು ಒಮ್ಮೆಯೂ ಕೇಳಲಿಲ್ಲ. ಮೂರು ತಿಂಗಳೊಳಗೆ ಆಕೆ ಲಕ್ಷ್ಮೇಶ್ವರದ ತವರು ಸೇರಿದಳು. ಆತ ಬದುಕು ಸಾಕೆಂದು ನೆರೆಯವರೊಡನೆ ಹೇಳತೊಡಗಿದ. ಆಗ ನನಗೆ ಭಯವಾಯಿತು.

"ನನಗೇನ ಹುಚ್ಚ ಹಿಡದೈತೇನ್ರಿ?" ಎಂದು ಆತ ಕೇಳಿದ. ನಮ್ಮ ಭಾಗದಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎಂಬ ಮಾತಿಗಿರುವ ಅರ್ಥ ಎಲ್ಲರಿಗೂ ಗೊತ್ತು. ಆದ್ದರಿಂದ ನಾನೇ ಆತನೊಡನೆ ಧಾರವಾಡದ ಬಸ್ಸು ಹತ್ತಿದೆ.

ಅಲ್ಲಿನ ಮನಶ್ಶಾಸ್ತ್ರಜ್ಞೆ ಮೊದಲ ಭೇಟಿಗಳಲ್ಲಿ ಹೊಳೆಯ ಸುದ್ದಿಯನ್ನೇ ತೆಗೆಯಲಿಲ್ಲವೆಂದು ಆತ ಅನಂತರ ಹೇಳಿದ. ನಿದ್ದೆ, ಊಟ, ಕುಡಿತ, ಸಾಯುವ ಯೋಚನೆ ಇವನ್ನೆಲ್ಲ ಅವರು ನೇರವಾಗಿ ವಿಚಾರಿಸಿದರು. ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನಗೊಳಿಸುವುದನ್ನು, ಪಾದಗಳನ್ನು ನೆಲಕ್ಕೂರಿ ಸುತ್ತಲಿನ ವಸ್ತುಗಳನ್ನು ಹೆಸರಿಸುವುದನ್ನು ಕಲಿಸಿದರು. ಬಳಿಕ ಹಾಳೆ, ಬಣ್ಣದ ಪೆನ್ಸಿಲ್ಲುಗಳನ್ನು ಕೊಟ್ಟರು. ಮಾತು ಹೊರಡದ ಕಡೆ ಕೈ ಚಿತ್ರ ಬರೆಯಿತು. ಹಲವು ವಾರ ಬರಿಯ ದಂಡೆಯನ್ನೇ ಬರೆದ ಆತ ಒಂದು ದಿನ ಬಾಯಿಬಿಟ್ಟ: "ನೀರಿನ ಸಪ್ಪಳಾ ಕೇಳಿದ್ರ ಇನ್ನೂ ಅಲ್ಲೇ ನಿಂತೀನಿ ಅನಸ್ತೈತ್ರಿ."

ಆಘಾತದ ನೆನಪಿನ ಸ್ವಭಾವವೇ ಇದು. ಅದು ಹಳೆಯ ಸಂಗತಿಯಾಗಿ ಉಳಿಯದೆ, ಈಗಲೇ ನಡೆಯುತ್ತಿರುವಂತೆ ಮರಳಿ ಬರುತ್ತದೆ. ತರಬೇತಿ ಪಡೆದವರ ಮುಂದೆ, ಸ್ವಲ್ಪಸ್ವಲ್ಪವಾಗಿ ಹೇಳಿಕೊಂಡಾಗ ಅದರ ಕಾವು ಇಳಿಯುತ್ತದೆ. ಒತ್ತಾಯದಿಂದ ಹೇಳಿಸಿದರೆ ಗಾಯ ಹೆಚ್ಚಾಗಬಹುದು.

ಮುಂದೆ ಪತ್ನಿಯೂ ಬಂದಳು. ಆಕೆಯನ್ನು ಮೊದಲು ಒಬ್ಬಳನ್ನೇ ಕೂರಿಸಿ, ಮನೆಯಲ್ಲಿ ಹೊಡೆತವುಂಟೇ, ಗಂಡನ ಭಯವುಂಟೇ ಎಂದು ಕೇಳಿದರು. ಹಿಂಸೆಯಿರುವಲ್ಲಿ ಜೋಡಿಯಾಗಿ ಕೂರಿಸುವುದಕ್ಕಿಂತ ಆಕೆಯ ಸುರಕ್ಷತೆ ಮುಖ್ಯ. ಇದನ್ನು ನಾವು ಗುರುಗಳೂ ಮರೆಯಬಾರದು. ಇಲ್ಲಿ ಅಂಥದ್ದಿರಲಿಲ್ಲ. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ತಮ್ಮ ಮಾತಿನಲ್ಲಿ ಹೇಳಿ, ಆಮೇಲೆ ಉತ್ತರಿಸಬೇಕೆಂಬುದು ಆ ಭೇಟಿಗಳ ನಿಯಮ. "ನಿನ್ನ ಮಾರಿ ನೋಡಾಕ ಧೈರ್ಯ ಇರಲಿಲ್ಲ" ಎಂದು ಆತ ಹೇಳಿದ್ದನ್ನು ತನ್ನ ಬಾಯಿಂದ ಮತ್ತೆ ಹೇಳುವಾಗ ಆಕೆಗೆ ಮಾತು ಮುಂದುವರಿಯಲಿಲ್ಲ. ಅಂದು ಇಬ್ಬರೂ ಜೊತೆಯಾಗಿ ಅತ್ತರಂತೆ.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಕುಡಿತ ಎರಡು ಬಾರಿ ಮರಳಿ ಬಂತು. ಇಂದಿಗೂ ಆತ ಹೊಳೆಗೆ ಇಳಿಯುವುದಿಲ್ಲ. ಆದರೆ ಆಕೆ ಮನೆಗೆ ಮರಳಿದ್ದಾಳೆ. ಮಗನ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿಬರುತ್ತಿದೆ.

ಇದು ವಿಶ್ವಾಸದ ಕೊರತೆಯೇ? ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟನು. ಎಮ್ಮಾವು ದಾರಿಯಲ್ಲಿ ಪ್ರಭು ಎಲ್ಲವನ್ನೂ ಬಲ್ಲವರಾಗಿದ್ದರೂ, ಏನಾಯಿತೆಂದು ಶಿಷ್ಯರನ್ನು ಮೊದಲು ಕೇಳಿದರು. ಶಾಸ್ತ್ರ ವಿವರಿಸಿದ್ದು ಅನಂತರ. ತಮ್ಮ 42ನೆಯ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಯೆಹೂದಿ ಮನೋವಿಶ್ಲೇಷಕಿಯೊಬ್ಬರ ಬಳಿಗೆ ಹೋಗಿದ್ದನ್ನು ಜಗದ್ಗುರು ಫ್ರಾನ್ಸಿಸ್‌ರವರು 2017ರಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡರು.

ಪಾಪನಿವೇದನೆ ಪಾಪಕ್ಕೆ ಕ್ಷಮೆಯನ್ನು ನೀಡುತ್ತದೆ. ಆದರೆ ಆ ತಂದೆಯದು ಪಾಪವಲ್ಲ, ಗಾಯ. ನಾನು ಅವೆರಡನ್ನೂ ಒಂದೇ ಎಂದು ತಿಳಿದಿದ್ದೆ.

ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿ ಇಂಥ ಮೌನ ಇಂದಿಗೂ ಇರಬಹುದು. ಧಾರವಾಡದ ಡಿಮ್ಹಾನ್ಸ್ ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯನ್ನು ನಿಲ್ಲಿಸಬೇಕಿಲ್ಲ, ಅದರ ಜೊತೆಗೇ ಬಸ್ಸು ಹತ್ತೋಣ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಮಾತು ಬಿಟ್ಟವರ ಪಕ್ಕದಲ್ಲಿ ಕುಳಿತು, ಬುದ್ಧಿ ಹೇಳದೆ, ಏನಾಯಿತೆಂದು ಕೇಳೋಣ.